ಜೇನಿಗೆ ಏನೂ ಆಗಲ್ಲ ಅಂದ್ರಿ. ನಮ್ಮ ರೇಷ್ಮೆಹುಳಕ್ಕೆ?

ನಿನ್ನೆ ಮಧ್ಯಾಹ್ನದಿಂದ ತಲೆ ಕಾದಿದೆ. ಇದನ್ನ ಬರೆಯದೆ ನಿದ್ದೆ ಬರಲ್ಲ.

ನಮ್ಮ ಕಡೆ ಒಂದು ರೈತರ ಸಭೆ ಇತ್ತು. ವಿಷಯ, ಮುಸುಕಿನ ಜೋಳದ ಸೈನಿಕ ಹುಳು. ಹುಳ ಕೊಲ್ಲೋ ಜೀನ್ ಸೇರಿಸಿದ ಬಿಟಿ ಜೋಳ ಬಂದರೆ ಈ ಕಾಟವೇ ಇರಲ್ಲ ಅಂತ ವೇದಿಕೆ ಮೇಲಿದ್ದವರು ಹೇಳಿದರು. ಅದರ ಪರಾಗ ತಿಂದು ಜೇನೆಲ್ಲ ಸಾಯುತ್ತೆ ಅಂತ ಹಿಂದಿನಿಂದ ಒಬ್ಬ ಹುಡುಗ ಕೂಗಿದ. ಅವರು ಇಲ್ಲ, ಇವನು ಹೌದು. ಕಾಲು ಗಂಟೆ ಬರೀ ಅದೇ. ಆಗ ಅರವತ್ತು ದಾಟಿದ ಒಬ್ಬ ಹೆಂಗಸು ಕೂತಲ್ಲಿಂದಲೇ ಕೇಳಿದರು: "ಸ್ವಾಮಿ, ನಮ್ಮ ಹಿಪ್ಪುನೇರಳೆ ತೋಟ ಜೋಳದ ಬದುವಿಗೇ ಇದೆ. ಆ ಪುಡಿ ಸೊಪ್ಪಿನ ಮೇಲೆ ಬಿದ್ದರೆ ನಮ್ಮ ರೇಷ್ಮೆಹುಳಕ್ಕೆ ಏನಾಗುತ್ತೆ?"

ವೇದಿಕೆಯಿಂದ ಉತ್ತರ ಬಂತು: "ಜೇನಿಗೇ ಏನೂ ಆಗಲ್ಲ ಅಮ್ಮ, ನಿಮ್ಮ ಹುಳಕ್ಕೆ ಏನಾಗುತ್ತೆ!"

ಜನ ಚಪ್ಪಾಳೆ ಹೊಡೆದರು. ಆಯಮ್ಮ ಸೆರಗು ಸರಿಮಾಡಿಕೊಂಡು ಸುಮ್ಮನಾದರು. ನಾನೂ ಸುಮ್ಮನಿದ್ದೆ. ಅದಕ್ಕೇ ಹೊಟ್ಟೆ ಉರಿಯುತ್ತಿರೋದು.

ಆ ಉತ್ತರ ತಪ್ಪು. ಬಿಟಿ ಬೆಳೆಯಲ್ಲಿರೋದು ಒಂದು ಮಣ್ಣಿನ ಬ್ಯಾಕ್ಟೀರಿಯಾದ ಜೀನ್. ಅದು ಮಾಡೋ ಕ್ರೈ1 ಗುಂಪಿನ ಪ್ರೋಟೀನು ಚಿಟ್ಟೆ, ಪತಂಗಗಳ ಮರಿಹುಳದ ಕ್ಷಾರೀಯ ಕರುಳಿನಲ್ಲಿ ಕೆಲಸ ಮಾಡುತ್ತೆ, ಕರುಳಿನ ಗೋಡೆಗೆ ಅಂಟಿ ತೂತು ಮಾಡುತ್ತೆ. ಜೇನಿನ ಕರುಳಲ್ಲಿ ಅದಕ್ಕೆ ಅಂಟೋ ಜಾಗವಿಲ್ಲ. ಜೇನಿಗೆ ತಿನ್ನಿಸಿ ನೋಡಿದ ಪ್ರಯೋಗಗಳು ಬೇಕಾದಷ್ಟಿವೆ, ಜೇನು ಸತ್ತಿಲ್ಲ. ಕೂಗಿದ ಹುಡುಗನ ಮೇಲೂ ನನಗೆ ಸಿಟ್ಟಿರೋದು ಅದಕ್ಕೇ. ಇಲ್ಲದ ಭಯ ಎಬ್ಬಿಸಿ, ಇರೋ ಪ್ರಶ್ನೆಗೆ ಜಾಗವೇ ಇಲ್ಲದ ಹಾಗೆ ಮಾಡಿದ.

ಆದರೆ ರೇಷ್ಮೆಹುಳ ಏನು? ಪತಂಗದ ಮರಿ! ಹತ್ತಿಯ ಕಾಯಿಕೊರಕ, ಜೋಳದ ಸೈನಿಕ ಹುಳು, ನಮ್ಮ ಮನೆಯಲ್ಲಿ ಹುಳ ಸಾಕೋ ತಟ್ಟೆಯಲ್ಲಿರೋ ಹುಳ, ಮೂರೂ ಒಂದೇ ಗುಂಪು. ಇನ್ನೊಂದು ಮಾತು. ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತೇ? 1901ರಲ್ಲಿ ಜಪಾನಿನ ಇಶಿವಾಟ ಶಿಗೆಟಾನೆ ಅದನ್ನು ಕಂಡಿದ್ದು ರೋಗ ಬಂದು ಸತ್ತ ರೇಷ್ಮೆಹುಳದಲ್ಲಿ. ಜರ್ಮನಿಯ ಬರ್ಲಿನರ್‌ಗೆ ಥುರಿಂಜಿಯಾದ ಹಿಟ್ಟಿನ ಪತಂಗದಲ್ಲಿ ಸಿಕ್ಕಿದ್ದು 1911ರಲ್ಲಿ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿಟಿ, ಅನ್ನೋ ಹೆಸರು ಬಂದಿದ್ದು ಆ ಪ್ರಾಂತ್ಯದಿಂದ. ಲೋಕಕ್ಕೆ ರೇಷ್ಮೆಹುಳದ ರೋಗವಾಗಿಯೇ ಪರಿಚಯವಾದ ಜೀವಿ ಅದು. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯೋ ರಾಜ್ಯದಲ್ಲಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇರೋ ಜಿಲ್ಲೆಯಲ್ಲಿ ನಿಂತು, ಹುಳ ಸಾಕೋ ಹೆಂಗಸಿಗೆ ಜೇನಿನ ಕಥೆ ಹೇಳಿ ಕೂರಿಸೋದೇ?

ಬಿಟಿ ಜೋಳದ ಪರಾಗ ಬಿದ್ದ ತಕ್ಷಣ ಹುಳ ಸಾಯುತ್ತೆ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ನಡೆದದ್ದು ಓದಿಕೊಂಡಿದ್ದೇನೆ. 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮಿಲ್ಕ್‌ವೀಡ್ ಅನ್ನೋ ಗಿಡದ ಎಲೆಗೆ ಬಿಟಿ ಜೋಳದ ಪರಾಗ ಉದುರಿಸಿ ಮೊನಾರ್ಕ್ ಚಿಟ್ಟೆಯ ಮರಿಗಳಿಗೆ ಕೊಟ್ಟರು. ನಾಲ್ಕು ದಿನದಲ್ಲಿ 44% ಸತ್ತವು. ಮಾಮೂಲಿ ಜೋಳದ ಪರಾಗ ಹಾಕಿದ ಎಲೆ ತಿಂದಿದ್ದರಲ್ಲಿ ಒಂದೂ ಸಾಯಲಿಲ್ಲ. ದೊಡ್ಡ ಗಲಾಟೆಯಾಯಿತು. ಆಮೇಲೆ ಹೊಲಕ್ಕೇ ಹೋಗಿ ಅಳೆದರು: ಎಲೆಯ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಕಾಳು ಪರಾಗ ಬೀಳುತ್ತೆ, ಹೊಲದಿಂದ ಎಷ್ಟು ದೂರಕ್ಕೆ ಹೋಗುತ್ತೆ, ಮರಿ ಹುಟ್ಟೋ ಕಾಲಕ್ಕೂ ಪರಾಗ ಉದುರೋ ಕಾಲಕ್ಕೂ ತಾಳೆಯಾಗುತ್ತಾ. 2001ರಲ್ಲಿ ಫಲಿತಾಂಶ ಬಂತು. ಬಹುಪಾಲು ಬಿಟಿ ಜೋಳಗಳಿಂದ ಮೊನಾರ್ಕ್‌ಗೆ ಅಪಾಯ ನಗಣ್ಯ. ಆದರೆ 'ಈವೆಂಟ್ 176' ಅನ್ನೋ ಒಂದರ ಪರಾಗದಲ್ಲಿ ವಿಷ ಬಹಳ ಜಾಸ್ತಿ ಇತ್ತು, ಕೆಲವೇ ಕಾಳು ಬಿದ್ದರೂ ಮರಿಗೆ ಪೆಟ್ಟು. ಅದು ಮಾರುಕಟ್ಟೆಯಿಂದ ಹೋಯಿತು.

ಅಂದರೆ ಅಳೆಯಬಹುದು. ಕಾಡಿನ ಚಿಟ್ಟೆಗೆ ಅಷ್ಟು ಅಳೆದರು. ನಮ್ಮ ಹುಳಕ್ಕೆ ಮಾತ್ರ ಜೇನಿನ ಲೆಕ್ಕ!

ಆ ಅಮೆರಿಕದ ಸಮಾಧಾನವೂ ನಮಗೆ ಹಾಗೇ ಹೊಂದಲ್ಲ. ಜೋಳದ ಪರಾಗ ದಪ್ಪ, ಹೆಚ್ಚಿನದು ಹೊಲದ ಅಂಚಿನಿಂದ ಕೆಲವೇ ಮೀಟರಿನೊಳಗೆ ಬೀಳುತ್ತೆ. ನೂರಾರು ಎಕರೆಯ ಹೊಲ ಇದ್ದವರಿಗೆ ಅಂಚು ಅನ್ನೋದು ಸಣ್ಣ ಭಾಗ. ನಮ್ಮಲ್ಲಿ ಅರ್ಧ ಎಕರೆ ಹಸುವಿನ ಮೇವಿನ ಜೋಳ, ಒಂದು ಬದು, ಆಚೆ ಅರ್ಧ ಎಕರೆ ಹಿಪ್ಪುನೇರಳೆ. ನಮ್ಮ ಹೊಲವೆಲ್ಲ ಅಂಚೇ. ವಿ-1 ತಳಿಯ ಹಿಪ್ಪುನೇರಳೆ ಎಲೆ ಅಂಗೈಗಿಂತ ಅಗಲ. ಮೊನಾರ್ಕ್ ಮರಿ ಬೇಡವಾದ ಎಲೆ ಬಿಟ್ಟು ಪಕ್ಕಕ್ಕೆ ಹೋದೀತು. ನಮ್ಮ ಹುಳ ಎಲ್ಲಿಗೆ ಹೋಗುತ್ತೆ? ಹಾಕಿದ್ದು ತಿನ್ನುತ್ತೆ, ಅಷ್ಟೇ. ಸಾವಿರಾರು ವರ್ಷ ಮನುಷ್ಯನ ಕೈ ನಂಬಿ ಬದುಕಿದ ಜೀವ. ಅದರ ಪರವಾಗಿ ಕೇಳಬೇಕಾದವರು ಅದನ್ನು ಸಾಕೋರೇ, ಆಯಮ್ಮ ಕೇಳಿದ್ದೂ ಅದನ್ನೇ.

"ಬಿಟಿ ಹತ್ತಿ 2002ರಿಂದ ಇದೆಯಲ್ಲ, ಏನಾಯ್ತು?" ಅಂತ ಕೇಳೋರಿದ್ದಾರೆ. ಹತ್ತಿಯ ಪರಾಗ ಭಾರ, ಅಂಟು. ಗಾಳಿಗೆ ಹಾರೋದಿಲ್ಲ. ಜೋಳದ ತುದಿಯ ಗಂಡು ಹೂ, ಅಂದರೆ ಸೂಲಂಗಿ, ಅಲ್ಲಾಡಿಸಿ ನೋಡಿ, ಗೊತ್ತಾಗುತ್ತೆ.

ಇನ್ನೊಂದು ವಾದ ನನ್ನ ಬಾಯಿ ಕಟ್ಟುವಂಥದ್ದು: ಬಿಟಿ ಬಂದರೆ ಔಷಧಿ ಹೊಡೆಯೋದು ಕಡಿಮೆಯಾಗುತ್ತೆ, ಅದರಿಂದ ಹುಳಕ್ಕೇ ಒಳ್ಳೇದು ಅಂತ. ಸೈನಿಕ ಹುಳು ನಮ್ಮ ರಾಜ್ಯದಲ್ಲಿ ಕಾಣಿಸಿದ್ದು 2018ರಲ್ಲಿ. ಮರುವರ್ಷ ನಾನೇ ನಮ್ಮ ಜೋಳಕ್ಕೆ ಹೊಡೆದೆ. ಗಾಳಿ ತೋಟದ ಕಡೆ ತಿರುಗಿತು. ಎರಡನೇ ಜ್ವರದಿಂದ (ಪೊರೆ ಬಿಡೋದನ್ನ ನಾವು ಹಾಗನ್ನೋದು) ಎದ್ದ ಹುಳ, ನೂರು ಮೊಟ್ಟೆಯದು, ಅಂದರೆ ನೂರು ಪತಂಗ ಇಟ್ಟ ಮೊಟ್ಟೆಗಳದ್ದು, ಎರಡೇ ದಿನದಲ್ಲಿ ಹೋಯಿತು. ಅಮ್ಮ ಬುಟ್ಟಿಯಲ್ಲಿ ತುಂಬಿ ಗುಂಡಿಗೆ ಸುರಿದು ಬಂದು, ನನಗೆ ಒಂದು ಮಾತೂ ಅನ್ನದೆ ತಟ್ಟೆ ತೊಳೆದರು. ಇವತ್ತಿಗೂ ಆ ಮೌನ ಮರೆತಿಲ್ಲ. ಆದ್ದರಿಂದ ಔಷಧಿಯ ಕೇಡು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಆ ವಾದ ಒಪ್ಪಲಾರೆ. ಪಕ್ಕದವನಿಗೆ "ನಾಳೆ ಹೊಡೀಬೇಡಪ್ಪ, ಸೊಪ್ಪು ಕೊಯ್ಯೋದಿದೆ" ಅನ್ನಬಹುದು. ಸೂಲಂಗಿಗೆ ಹಾಗೆ ಹೇಳಕ್ಕಾಗಲ್ಲ, ಅದು ಒಂದೆರಡು ವಾರ ಉದುರುತ್ತಲೇ ಇರುತ್ತೆ. ಹುಳ ಸತ್ತ ಮೇಲೆ ಅದು ಹುಳಕ್ಕೆ ಮಾಮೂಲಿ ಬರೋ ಸಪ್ಪೆ ರೋಗವೋ ಪರಾಗವೋ ಅಂತ ಯಾರು ನೋಡಿ ಹೇಳುತ್ತಾರೆ? ಔಷಧಿ ಕೆಟ್ಟದ್ದು ಅನ್ನೋದು ಪರಾಗವನ್ನು ಅಳೆಯದೇ ಇರೋದಕ್ಕೆ ಕಾರಣ ಆಗಲ್ಲ.

ಇವತ್ತಿಗೆ ದೇಶದಲ್ಲಿ ರೈತರು ಬಿಟಿ ಜೋಳ ಬೆಳೆಯೋಕೆ ಅನುಮತಿ ಇಲ್ಲ. ಅಂದರೆ ಕೇಳೋಕೆ ಇದೇ ಸಮಯ. ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ಕೀಟಗಳಿಗೆಂದೇ ರಾಷ್ಟ್ರೀಯ ಸಂಸ್ಥೆ ಇದೆ. ಯಾವ ಬಿಟಿ ಜೋಳ ತಂದರೂ ಅದರ ಪರಾಗ ಹಾಕಿದ ಸೊಪ್ಪನ್ನು ಚಾಕಿ ಹುಳಕ್ಕೆ, ಅಂದರೆ ಎಳೇ ಮರಿಗಳಿಗೆ, ತಿನ್ನಿಸಿ, ಗೂಡು ಕಟ್ಟೋವರೆಗೂ ನೋಡಿ, ಗೂಡಿನ ತೂಕ ಬರೆದು ನಮಗೆ ಕನ್ನಡದಲ್ಲಿ ತೋರಿಸಲಿ.

ಇವತ್ತು ಬೆಳಿಗ್ಗೆ ನಮ್ಮ ಬದುವಿನ ಪಕ್ಕದ ಐದು ಗಿಡದಿಂದ ಎಲೆ ತಂದು ಸೆಲೋಟೇಪ್ ಒತ್ತಿ ತೆಗೆದೆ. ಮಗಳ ಶಾಲೆಯ ಭೂತಗನ್ನಡಿಯಲ್ಲಿ ನೋಡಿದರೆ ಹಳದಿ ಕಾಳುಗಳು ಚೆನ್ನಾಗಿ ಕಾಣುತ್ತಿವೆ, ಮಾಮೂಲಿ ಜೋಳದವು. ಎಣಿಸೋಕೆ ಶುರು ಮಾಡಿದ್ದೇನೆ. ಹಿಪ್ಪುನೇರಳೆ ಪಕ್ಕ ಜೋಳ ಇರೋ ಗೆಳೆಯರು ನೀವೂ ಎಣಿಸಿ, ಬದುವಿನಿಂದ ಎಷ್ಟು ಹೆಜ್ಜೆ ದೂರದ ಗಿಡ ಅಂತ ಬರೆದು ಫೋಟೋ ಹಾಕಿ. ಆಯಮ್ಮನ ಊರು ಗೊತ್ತಿದೆ. ಲೆಕ್ಕ ಮುಗಿದ ಮೇಲೆ ಹೋಗಿ ತೋರಿಸಿ ಬರುತ್ತೇನೆ.