ಕಪ್ ಗೆದ್ದರೆ ಕೀಲು ಗಟ್ಟಿ ಅಂತಲ್ಲ

'ಅಪ್ಪ ಅಮ್ಮ ಇಬ್ಬರಿಗೂ ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಇದ್ದು, ಡಾಗ್ ಶೋನಲ್ಲಿ ಗೆದ್ದಿದ್ದರೆ ಲ್ಯಾಬ್ರಡಾರ್ ಮರಿಯ ಆರೋಗ್ಯದ ಚಿಂತೆ ಬೇಡ' ಎಂದು ಬರೆದಿದ್ದೀರಿ. ಇದನ್ನು ಒಪ್ಪಲು ಸಾಧ್ಯವೇ ಇಲ್ಲ. ಆ ಪೇಪರ್ ಹೇಳುವುದು ವಂಶಾವಳಿ ಮಾತ್ರ. ರಿಂಗ್‌ನಲ್ಲಿ ಜಡ್ಜ್ ನೋಡುವುದು ಮೈಕಟ್ಟು, ನಡಿಗೆ, ಸ್ವಭಾವ. ಸೊಂಟದ ಕೀಲು ಗುಂಡಿಯಲ್ಲಿ ಸರಿಯಾಗಿ ಕೂತಿದೆಯಾ ಅಂತ ತಿಳಿಯಲು ಎಕ್ಸ್‌ರೇನೇ ಬೇಕು. ನಾಯಿಯನ್ನು ಅಂಗಾತ ಮಲಗಿಸಿ, ಹಿಂಗಾಲು ಎರಡನ್ನೂ ನೇರ ಚಾಚಿ, ಮೊಣಕಾಲು ಒಳಕ್ಕೆ ತಿರುಗಿಸಿ ತೆಗೆಯುತ್ತಾರೆ. ಸ್ವಲ್ಪ ಓರೆಯಾದರೂ ಲೆಕ್ಕ ತಪ್ಪುತ್ತದೆ, ಅದಕ್ಕೇ ಸಾಮಾನ್ಯವಾಗಿ ಮಂಪರು ಕೊಡುತ್ತಾರೆ.

ನಮ್ಮ ಲ್ಯಾಬ್ ಕೂಡ ಗೆದ್ದವರ ಮರಿಯೇ. ವರ್ಷ ತುಂಬುವ ಮೊದಲೇ ಮೆಟ್ಟಿಲು ಹತ್ತುವಾಗ ಹಿಂಗಾಲು ಎರಡನ್ನೂ ಜೋಡಿಸಿ ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ಎಕ್ಸ್‌ರೇಯಲ್ಲಿ ಹಿಪ್ ಡಿಸ್‌ಪ್ಲೇಸಿಯಾ ಅಂತ ಬಂತು, ಅಂದರೆ ಸೊಂಟದ ಕೀಲು ಗುಂಡಿಯಲ್ಲಿ ಸರಿಯಾಗಿ ಕೂರದ, ವಂಶದಿಂದ ಬರಬಹುದಾದ ತೊಂದರೆ. ಅಪ್ಪ ಅಮ್ಮನಿಗೆ ಯಾರೂ ಎಕ್ಸ್‌ರೇ ಮಾಡಿಸಿರಲಿಲ್ಲ.

ನಾಯಿಗಳ ಕೀಲಿನ ಎಕ್ಸ್‌ರೇ ಪರಿಶೀಲಿಸುವ ಅಮೆರಿಕದ ಓಎಫ್‌ಎ ಸಂಸ್ಥೆ ಸೊಂಟಕ್ಕೆ ಅಂತಿಮ ಗ್ರೇಡ್ ಕೊಡುವುದು 24 ತಿಂಗಳು ತುಂಬಿದ ಮೇಲೆ. ನಮ್ಮ 2017ರ ಕೇಂದ್ರ ನಿಯಮದಲ್ಲಿ ಹೆಣ್ಣುನಾಯಿಗೆ 18 ತಿಂಗಳಾದರೆ ಮರಿ ಮಾಡಿಸಬಹುದು. ಇನ್ನೊಂದು ಆರು ತಿಂಗಳು ಕಾದರೆ ಏನು ನಷ್ಟ?

ಕಣ್ಣಿನ ಪಿಆರ್‌ಎ, ಅಂದರೆ ಅಕ್ಷಿಪಟಲ ನಿಧಾನವಾಗಿ ಹಾಳಾಗಿ ಕುರುಡಾಗುವ ವಂಶದ ಕಾಯಿಲೆ, ಇನ್ನೂ ಜಾಸ್ತಿ ಮೋಸದ್ದು. ಕೆಟ್ಟ ಜೀನ್ ಒಂದೇ ಇದ್ದರೆ ನಾಯಿಗೆ ಏನೂ ಆಗುವುದಿಲ್ಲ, ಶೋನಲ್ಲೂ ಗೆಲ್ಲುತ್ತದೆ. ಅಂಥ ಎರಡನ್ನು ಕೂಡಿಸಿದರೆ ಒಂದೊಂದು ಮರಿಗೂ ಕುರುಡಾಗುವ ಅಪಾಯ ನಾಲ್ಕರಲ್ಲಿ ಒಂದು. ಕೆನ್ನೆಯ ಒಳಗಿಂದ ಸ್ವಾಬ್ ತೆಗೆದು ಡಿಎನ್‌ಎ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ. ಆ ನಾಯಿಯನ್ನು ಕೈಬಿಡಬೇಕಾಗಿಯೂ ಇಲ್ಲ, ಆ ಜೀನ್ ಇಲ್ಲದ ಜೋಡಿ ಹುಡುಕಿದರೆ ಸಾಕು. ಮರಿ ಕೊಳ್ಳುವವರು ದಯವಿಟ್ಟು ಕಪ್‌ನ ಫೋಟೊ ಬದಲು ಈ ಎರಡು ರಿಪೋರ್ಟ್ ಕೇಳಿ.