ಕಥೆ ಮುಗಿದ ಮೇಲೆ ಆ ‘ನೀತಿ’ ಸಾಲು ಯಾಕೆ?

ನಮ್ಮ ಮಗಳಿಗೆ ಈಗ ನಾಲ್ಕು ವರ್ಷ. ರಾತ್ರಿ ಊಟ ಆದಮೇಲೆ ಚಾಪೆ ಹಾಸಿಕೊಂಡು ಇಬ್ಬರೂ ಪುಸ್ತಕ ಹಿಡಿದು ಕೂರುತ್ತೇವೆ. ಹೋದ ತಿಂಗಳು ಅವಳ ಹುಟ್ಟುಹಬ್ಬಕ್ಕೆ ಒಂದು ದಪ್ಪ ಕಥೆಪುಸ್ತಕ ಬಂತು. ಹೊಳೆಯುವ ಕಾಗದ, ತುಂಬಾ ಬಣ್ಣ. ಮೊದಲ ಕಥೆ ಆನೆ ಮತ್ತು ಇರುವೆಯದು. ಓದಿ ಮುಗಿಸಿದೆ. ಅವಳು ಆನೆಯ ಕಾಲಿನ ಹತ್ತಿರ ಬೆರಳಿಟ್ಟು, “ಇರುವೆ ಎಲ್ಲಿ ಹೋಯ್ತು?” ಅಂತ ಹುಡುಕುತ್ತಿದ್ದಳು. ಪುಟದ ಕೆಳಗೆ ಕೆಂಪು ಚೌಕದೊಳಗೆ “ನೀತಿ: ಅಹಂಕಾರ ಒಳ್ಳೆಯದಲ್ಲ” ಅಂತ ಇತ್ತು. ರೂಢಿಯ ಮೇಲೆ ಅದನ್ನೂ ಓದಿಬಿಟ್ಟೆ.

“ಅಹಂಕಾರ ಅಂದ್ರೆ ಏನಮ್ಮಾ?”

ಹೇಳೋಕೆ ಹೋದೆ. ಏನೇನೋ ಹೇಳಿದೆ. ಅವಳು ಆಕಳಿಸಿದಳು. ಇರುವೆ ಹುಡುಕುವುದು ಅಲ್ಲಿಗೇ ನಿಂತಿತು. ಅವತ್ತಿನಿಂದ ಆ ಸಾಲಿನ ಮೇಲೆ ನನಗೆ ನಿಜವಾಗಿಯೂ ಕೋಪ ಇದೆ.

ಎರಡರಿಂದ ಆರು ವರ್ಷದ ಮಕ್ಕಳ ಪುಸ್ತಕದಲ್ಲಿ ಆ ಸಾಲು ಬೇಡವೇ ಬೇಡ. ನಾವು ಅಕ್ಷರ ಓದುತ್ತಿರುವಾಗ ಈ ಮಕ್ಕಳು ಚಿತ್ರ ಓದುತ್ತಿರುತ್ತವೆ. ಅಜ್ಜಿಯ ಸೀರೆ ಸೆರಗಿನ ಹಿಂದೆ ಬೆಕ್ಕಿನ ಬಾಲ ಕಂಡರೆ ಮಗು ಅಲ್ಲೇ ನಿಲ್ಲುತ್ತದೆ. ಬೆಕ್ಕು ಯಾಕೆ ಬಚ್ಚಿಟ್ಟುಕೊಂಡಿತು, ಹೊರಗೆ ನಾಯಿ ಇದೆಯಾ, ಅಜ್ಜಿಗೆ ಗೊತ್ತಾ ಅಂತ ಅದರ ತಲೆಯೊಳಗೆ ಕಥೆ ಓಡುತ್ತಿರುತ್ತದೆ. ಆಗ ನಾವು ಪುಟ ತಿರುಗಿಸುವ ಅವಸರ ಮಾಡಬಾರದು. ಪುಸ್ತಕವೂ ಮಾಡಬಾರದು.

ನಮ್ಮಜ್ಜಿ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆ ನಿಮ್ಮನೆಯಲ್ಲೂ ಇರಬೇಕು. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಧೋ ಅಂತ ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿ ಹೋಗುತ್ತದೆ. ಅವಳು ನೆನೆದುಕೊಂಡು ಬಂದು ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಳಗಿನಿಂದಲೇ “ತಾಳು, ಮಗೂಗೆ ನೀರು ಹಾಕ್ತಿದ್ದೀನಿ” ಅನ್ನುತ್ತಾಳೆ. ಮತ್ತೆ ತಟ್ಟಿದರೆ “ತಾಳು, ಹಾಲು ಕುಡಿಸ್ತಿದ್ದೀನಿ.” ನಮ್ಮಜ್ಜಿ ಹೇಳುವಾಗ ಕೊನೆಗೆ ಗುಬ್ಬಕ್ಕ ಬಾಗಿಲು ತೆಗೆದು ಕಾಗಕ್ಕನನ್ನು ಒಲೆ ಮುಂದೆ ಕೂರಿಸುತ್ತಿದ್ದಳು. ನನ್ನ ಅತ್ತೆಯವರ ಕಥೆಯಲ್ಲಿ ಕಾಗಕ್ಕ ಕಾದ ಹಂಚಿನ ಮೇಲೆ ಕೂತು ಸುಟ್ಟುಕೊಳ್ಳುತ್ತಾಳೆ. ಒಂದೇ ಕಥೆ, ಮನೆಗೊಂದು ಕೊನೆ. ಕೇಳುವ ಮಗುವಿನ ಮುಖ ನೋಡಿಕೊಂಡು ಅಜ್ಜಿಯರು ಕಥೆ ತಿರುಗಿಸುತ್ತಿದ್ದರು. ಇದರಲ್ಲಿ ‘ನೀತಿ’ ಎಲ್ಲಿ ಬರೆಯುತ್ತೀರಿ? ಗಟ್ಟಿ ಮನೆ ಕಟ್ಟಿಕೋ ಅಂತಲೋ, ಬಾಗಿಲು ತೆಗಿ ಅಂತಲೋ?

ಈ ಕಥೆಗೆ ನಾನೇ ಒಂದು ಪುಸ್ತಕ ಮಾಡಿದೆ. ಡ್ರಾಯಿಂಗ್ ಹಾಳೆ ಮಡಚಿ, ಮಧ್ಯೆ ದಾರ ಹಾಕಿ ಹೊಲಿದೆ. ಎಂಟು ಪುಟ. ಒಂದು ಪುಟದಲ್ಲಿ ಬರೀ ಮುಚ್ಚಿದ ಬಾಗಿಲು, ಮಳೆ, ಮೂಲೆಯಲ್ಲಿ ಒದ್ದೆಯಾದ ಕಾಗೆ. ಮಾತಿಲ್ಲ. ಮಗಳು ಜಾಸ್ತಿ ಹೊತ್ತು ನೋಡುವುದು ಆ ಪುಟವನ್ನೇ. ಒಂದು ದಿನ ಕಾಗೆಯ ತಲೆ ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ಕೊಡೆ ಬರೆದಿಟ್ಟಿದ್ದಳು. ನಾನು ಕೇಳಿರಲಿಲ್ಲ, ಹೇಳಿಕೊಟ್ಟಿರಲಿಲ್ಲ.

ಚಿಕ್ಕ ಮಕ್ಕಳಿಗೆ ಮೃದುವಾದ ಪುಸ್ತಕ ಬೇಕು ಅಂದಾಗ ಕೆಲವರು ಅಳು, ಭಯ, ಸಾವು ಏನೂ ಇರಬಾರದು ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಪುಣ್ಯಕೋಟಿಯನ್ನೇ ನೋಡಿ. ಸಾಯಲು ಹೊರಟ ತಾಯಿ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುತ್ತಾಳೆ. ಅದಕ್ಕಿಂತ ಕರುಳು ಹಿಂಡುವುದು ಬೇರೇನಿದೆ? ಕೊನೆಗೆ ಹುಲಿ ಪ್ರಾಣ ಬಿಟ್ಟಾಗ ನನ್ನ ಮಗಳು ಹುಲಿಗಾಗಿ ಅತ್ತಳು. “ಅದಕ್ಕೆ ಹೊಟ್ಟೆ ಹಸಿದಿತ್ತು ಅಲ್ವಾ ಅಮ್ಮಾ?” ಅಂದಳು. ಸತ್ಯಕ್ಕೇ ಜಯ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಹತ್ತಿರ ಎಳೆದುಕೊಂಡೆ. ಅಳು ತಾನಾಗಿಯೇ ನಿಂತಿತು. ಮಗುವಿನ ಪಕ್ಕದಲ್ಲಿ ಯಾರೋ ಒಬ್ಬರು ಕೂತಿದ್ದರೆ ದುಃಖದ ಕಥೆಯೂ ಮೃದುವೇ.

ಇನ್ನೊಂದು ಸಂಕಟ ಭಾಷೆಯದು. “ಮೊಲವು ಅತ್ಯಂತ ಸಂತೋಷಭರಿತವಾಗಿ ಓಡಿತು” ಅಂತ ಬರೆದ ಪುಸ್ತಕಗಳಿವೆ. ಯಾವ ಅಮ್ಮ ಹಾಗೆ ಮಾತಾಡುತ್ತಾಳೆ? ಕುಪ್ಪಳಿಸಿತು, ಛಂಗನೆ ಹಾರಿತು, ಪುಟುಪುಟು ನಡೆಯಿತು ಅನ್ನಿ. ಕನ್ನಡದಲ್ಲಿ ಇಂಥ ಮಾತಿಗೆ ಬರ ಇಲ್ಲ. ಅನುವಾದದಲ್ಲಿ ಇನ್ನೂ ಕಷ್ಟ. ಇಂಗ್ಲಿಷಿನ ‘ಅಂಕಲ್’ ಕರಡಿ ಕನ್ನಡಕ್ಕೆ ಬಂದಾಗ ಸೋದರಮಾವನಾ, ಚಿಕ್ಕಪ್ಪನಾ? ಹಾಗೇ ‘ಅಂಕಲ್’ ಅಂತ ಬಿಟ್ಟರೆ ಅವನು ಎದುರು ಮನೆಯವನಾಗುತ್ತಾನೆ. ಕರಡಿಮಾವ ಅಂದರೆ ಸಾಕು, ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋಗುತ್ತಾನೆ. ನಾವು ಚಂದ್ರನನ್ನೂ ಮಾಮ ಅಂದವರು.

ಒಳ್ಳೆಯ ಪುಸ್ತಕ ಇಲ್ಲವೇ ಇಲ್ಲ ಅನ್ನುವುದೂ ಸರಿಯಲ್ಲ. ನಮ್ಮ ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ಕನ್ನಡದ ಚಿತ್ರಪುಸ್ತಕ ಕೊಡುತ್ತಿದೆ. 2015ರಿಂದ ಅವರ ಸ್ಟೋರಿವೀವರ್ ತಾಣದಲ್ಲಿ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆಯಬಹುದು, ನಾವೇ ಅನುವಾದವನ್ನೂ ಮಾಡಬಹುದು. ಮೊದಲ ಹಂತದ ಕಥೆಗಳಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೇ. ಚೆನ್ನೈನ ತೂಲಿಕಾ ಪ್ರಕಾಶನದವರು ಇಂಗ್ಲಿಷ್–ಕನ್ನಡ ಎರಡೂ ಇರುವ ಪುಸ್ತಕ ಮಾಡುತ್ತಾರೆ. ನನ್ನ ತಂಗಿ ಪರದೇಶದಲ್ಲಿದ್ದಾಳೆ, ಅವಳ ಮಗನಿಗೆ ಇವು ತುಂಬಾ ಅನುಕೂಲ. ನಮ್ಮಮ್ಮ ಇಲ್ಲಿ ವಿಡಿಯೊ ಕಾಲ್‌ನಲ್ಲಿ ಕನ್ನಡದ ಸಾಲು ಓದುತ್ತಾರೆ, ಅವನು ಅಲ್ಲಿ ಅದೇ ಪುಟ ತೆರೆದುಕೊಂಡು ಕೂತಿರುತ್ತಾನೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯೂ ಇದೆ.

ಸಿಗುವುದು ಒಂದು ಮಾತು, ಮಕ್ಕಳ ಕೈಗೆ ಹೋಗುವುದು ಇನ್ನೊಂದು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೇ ಐದು ಸಾವಿರಕ್ಕೂ ಜಾಸ್ತಿ, ಈಗ ಅವಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ‘ಓದುವ ಬೆಳಕು’ ಅನ್ನುವ ಕಾರ್ಯಕ್ರಮ ಶುರು ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಬಹಳ ಒಳ್ಳೆಯ ಕೆಲಸ. ಆದರೆ ಹೋದ ಬೇಸಿಗೆಯಲ್ಲಿ ಒಂದು ಹಳ್ಳಿಯ ಗ್ರಂಥಾಲಯಕ್ಕೆ ಹೋದಾಗ ಚಿತ್ರಪುಸ್ತಕಗಳೆಲ್ಲ ಗಾಜಿನ ಬೀರುವಿನೊಳಗೆ ಇದ್ದವು. ಬೀಗ ಬೇರೆ. “ಮಕ್ಕಳು ಹರಿದು ಹಾಕ್ತಾರೆ ಮೇಡಂ” ಅಂದರು ಅಲ್ಲಿನ ಗ್ರಂಥಪಾಲಕರು. ಹರಿಯಲಿ ಬಿಡಿ, ಗೋಂದು ಹಚ್ಚಿ ಅಂಟಿಸೋಣ ಅಂದೆ. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಬೀಗ ತೆಗೆದರು. ಒಂದಿಪ್ಪತ್ತು ಪುಸ್ತಕ ತೆಗೆದು ನೆಲದ ಮೇಲೆ, ಜಮಖಾನದ ಮೇಲೆ ಹರಡಿದೆವು.

ಅಕ್ಕನ ಜೊತೆ ಬಂದಿದ್ದ ಐದು ವರ್ಷದ ಹುಡುಗನೊಬ್ಬ ಆಮೆ ಚಿತ್ರದ ಪುಸ್ತಕ ಎತ್ತಿಕೊಂಡು ಹೊಟ್ಟೆ ಅಡಿ ಮಾಡಿ ಮಲಗಿದ. ಕೊನೆಯ ಪುಟದಿಂದ ಹಿಂದಕ್ಕೆ ನೋಡುತ್ತಾ ಬಂದ. “ಓದೋಕೆ ಬರುತ್ತೇನೋ?” ಅಂದೆ. “ಇಲ್ಲ, ಆದ್ರೆ ಕಥೆ ಗೊತ್ತು” ಅಂದ. ಹೇಳಿದ ಕೂಡ. ಆಮೆಗೆ ಮನೆಗೆ ಹೋಗೋಕೆ ಇಷ್ಟ ಇಲ್ವಂತೆ, ಯಾಕಂದ್ರೆ ಅದರ ಫ್ರೆಂಡು ಇನ್ನೂ ಕೆರೆ ಹತ್ರಾನೇ ಇದೆಯಂತೆ. ಪುಸ್ತಕದ ಸಾಲುಗಳಲ್ಲಿ ಆ ಕಥೆ ಇರಲಿಲ್ಲ. ಆಮೇಲೆ ಚಿತ್ರ ನೋಡಿದೆ. ದೂರದಲ್ಲಿ, ಕೆರೆ ದಂಡೆಯ ಹುಲ್ಲಿನ ಪಕ್ಕ, ಕಡಲೆಕಾಳಿನಷ್ಟು ಸಣ್ಣದಾಗಿ ಇನ್ನೊಂದು ಆಮೆ ಇತ್ತು.