ತಂಡದಲ್ಲಿ ಲೈನ್‌ಮನ್ ಎಲ್ಲಿ?

ಕರೆಂಟಿನ ಸಂಶೋಧನೆಗೂ ಈಗ ಹೊಸ ಗಾಳಿ ಬಂದಿದೆ. ಒಂದೆರಡು ದಿನ ಒಟ್ಟಿಗೆ ಕೂತು ಮಾದರಿ ಕಟ್ಟುವ ಹ್ಯಾಕಥಾನ್, ಬಳಸುವವರ ಕಷ್ಟದಿಂದ ಶುರುಮಾಡುವ ಡಿಸೈನ್ ಥಿಂಕಿಂಗ್, ಎರಡು ವಾರಕ್ಕೊಂದು ಕಂತಿನಲ್ಲಿ ಕೆಲಸ ಮುಗಿಸುವ ಸ್ಪ್ರಿಂಟ್. ವಿದ್ಯುತ್ ಕಂಪನಿ, ಕಾಲೇಜು, ಸ್ಟಾರ್ಟಪ್ ಸೇರಿ ಮಾಡುವ ಯೋಜನೆಗಳಲ್ಲಿ ಇದೇ ಮಾತು. ನನಗಂತೂ ಖುಷಿ. ಮೂರು ವರ್ಷ ಲ್ಯಾಬಿನಲ್ಲಿ ಕೂತು ದಪ್ಪ ವರದಿ ಬರೆದು ಕಪಾಟಿಗೆ ಸೇರಿಸುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಇಂಥ ತಂಡಗಳ ಪಟ್ಟಿಯಲ್ಲಿ ಒಬ್ಬ ಲೈನ್‌ಮನ್ ಹೆಸರು ಹುಡುಕಿ ನೋಡಿ.

ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ, 2018ರಲ್ಲಿ ವಿಶ್ವದಾಖಲೆ ಮಾಡಿದ ಜಿಲ್ಲೆ ನಮ್ಮ ಉತ್ತರ ಕನ್ನಡ. ಅದೇ ಜಿಲ್ಲೆಯ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಜುಲೈ ತಿಂಗಳು ಎರಡು ದಿನ ಕರೆಂಟ್ ಇಲ್ಲ ಅಂದ್ರೆ ಯಾರೂ ಹುಬ್ಬೇರಿಸುವುದಿಲ್ಲ. 11 ಕೆ.ವಿ. (11 ಸಾವಿರ ವೋಲ್ಟ್) ಲೈನ್ ಸೊಪ್ಪಿನ ಬೆಟ್ಟ, ತೋಟ, ಹಳ್ಳ ದಾಟಿ ಹೋಗುತ್ತದೆ. ಎಲ್ಲೋ ಒಂದು ಟೊಂಗೆ ಬೀಳುತ್ತದೆ, ಇಲ್ಲಾ ಕಂಬದ ಮೇಲೆ ತಂತಿ ಹೊರುವ ಪಿನ್ ಇನ್ಸುಲೇಟರ್ ಪಂಕ್ಚರ್ ಆಗುತ್ತದೆ. ಫೀಡರ್ ಟ್ರಿಪ್, ಅಂದ್ರೆ ಇಡೀ ಲೈನ್ ತಾನಾಗಿ ಬಂದ್. ಆಮೇಲೆ ಜಿಒಎಸ್ (ಲೈನನ್ನು ನಡುವೆ ಬೇರ್ಪಡಿಸುವ ಸ್ವಿಚ್) ತೆಗೆದು ಅರ್ಧ ಲೈನಿಗೆ ಟ್ರಯಲ್ ಕೊಡಬೇಕು, ಅಂದ್ರೆ ಕರೆಂಟ್ ಬಿಟ್ಟು ನೋಡಬೇಕು. ಟ್ರಿಪ್ ಆಗದೆ ನಿಂತರೆ ಉಳಿದರ್ಧದಲ್ಲಿ ಹುಡುಕಬೇಕು, ಮಳೆಯಲ್ಲಿ, ಉಂಬಳದ ನಡುವೆ, ನಡೆದುಕೊಂಡೇ.

ಇದಕ್ಕೊಂದು ಉಪಕರಣ ಇದೆ. ಫಾಲ್ಟ್ ಇಂಡಿಕೇಟರ್ ಅಂತಾರೆ. ತಂತಿಗೆ ಸಿಕ್ಕಿಸಿದರೆ, ದೋಷದ ಕರೆಂಟ್ ಹಾದು ಹೋದಾಗ ದೀಪ ಮಿನುಗುತ್ತದೆ. ದೀಪ ಮಿನುಗುವ ಕೊನೆಯ ಕಂಬದಿಂದಾಚೆಗೆ ಹುಡುಕಿದರಾಯಿತು. ಪರಿಚಯದ ಲೈನ್‌ಮನ್ ಒಬ್ಬರಿಗೆ ಇದನ್ನು ವಿವರಿಸಿದೆ. ಅವರು ನಕ್ಕರು. "ದೀಪ ಹತ್ತಿದ್ರೆ ಯಾರಿಗೆ ಕಾಣ್ತದೆ ಸರ್? ಲೈನ್ ಇರೋದು ಬೆಟ್ಟದೊಳಗೆ, ನಾನಿರೋದು ರಸ್ತೆ ಮೇಲೆ." ಮೊಬೈಲಿಗೆ ಮೆಸೇಜ್ ಬರುವ ಮಾದರಿಯೂ ಇದೆ ಎಂದೆ. "ಅಲ್ಲಿ ನೆಟ್‌ವರ್ಕ್ ಇದ್ರೆ ನಾನೇ ಫೋನ್ ಮಾಡ್ತಿದ್ನಲ್ಲ!"

ಇನ್ನೊಂದು ತೊಡಕೂ ಇದೆ. ಮರ ತಾಗಿದಾಗ, ಇಲ್ಲಾ ತಂತಿ ಕಡಿದು ಜಂಬಿಟ್ಟಿಗೆ ನೆಲದ ಮೇಲೆ ಬಿದ್ದಾಗ, ಹರಿಯುವ ಕರೆಂಟ್ ಕೆಲವೊಮ್ಮೆ ತೀರಾ ಕಡಿಮೆ. ಇಂಡಿಕೇಟರ್ ಮಿನುಗುವುದಿಲ್ಲ. ಎಷ್ಟೋ ಸಲ, ದೋಷ ಗುರುತಿಸಿ ಲೈನ್ ಬಂದ್ ಮಾಡಿಸುವ ರಿಲೇಯೂ ಟ್ರಿಪ್ ಆಗುವುದಿಲ್ಲ, ಬಿದ್ದ ತಂತಿಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಬಯಲುಸೀಮೆಯ ಲೈನಿಗೆ ಹೊಂದಿಸಿದ ಲೆಕ್ಕ ಇಲ್ಲಿ ನಡೆಯದು.

ಹೊಸ ವಿಧಾನದವರ ನೆಚ್ಚಿನ ಮಾತು, ಬೇಗ ಸೋಲಿ, ಬೇಗ ಕಲಿಯಿರಿ ಅನ್ನೋದು. ಮೊಬೈಲ್ ಆ್ಯಪ್‌ಗೆ ಸರಿ. 11 ಕೆ.ವಿ. ಲೈನಿನಲ್ಲಿ ಸೋತರೆ ಜೀವ ಹೋಗುತ್ತದೆ. ಹಾಗಾಗಿ ಸೋಲುವುದೆಲ್ಲ ಕರೆಂಟ್ ಇಲ್ಲದ ತಂತಿಯ ಮೇಲೆ, ರಟ್ಟಿನ ಮಾದರಿಯಲ್ಲಿ, ಸೆಕ್ಷನ್ ಆಫೀಸಿನ ಜಗಲಿಯಲ್ಲೇ ಆಗಬೇಕು. ಕೈಗವಸು ಹಾಕಿಕೊಂಡು ಇಂಡಿಕೇಟರಿನ ಈ ಕ್ಲಿಪ್ ಸಿಕ್ಕಿಸಲು ಆಗ್ತದಾ? ಇದನ್ನು ತಿಳಿಯಲು ಹ್ಯಾಕಥಾನ್ ಬೇಡ.

ಸ್ಪ್ರಿಂಟ್ ವಿಷಯದಲ್ಲೂ ಅಷ್ಟೇ. ಸಾಫ್ಟ್‌ವೇರನ್ನು ಎರಡು ವಾರಕ್ಕೊಮ್ಮೆ ತಿದ್ದಿ, ಬೇಡ ಅಂದವರ್ಯಾರು? ಆದರೆ ಮಲೆನಾಡಿನ ಪರೀಕ್ಷೆ ವರ್ಷಕ್ಕೆ ಒಂದೇ ಸಲ, ಜೂನ್‌ನಿಂದ ಸೆಪ್ಟೆಂಬರ್ ತನಕ. ಮೇ ಮುಗಿಯುವುದರೊಳಗೆ ಉಪಕರಣದ ಪೆಟ್ಟಿಗೆ ಕಂಬ ಏರಿರಬೇಕು. ಹಣ ಮಂಜೂರಾಗಿ, ಟೆಂಡರ್ ಮುಗಿದು, ನವೆಂಬರಿನಲ್ಲಿ ಬಂದು ಒಣ ಹವೆಯಲ್ಲಿ ಪರೀಕ್ಷಿಸಿ 'ಯಶಸ್ವಿ' ಅಂದರೆ ಅದಕ್ಕೆ ಬೆಲೆ ಇಲ್ಲ. ಕಾರವಾರ, ಅಂಕೋಲಾ ಕಡೆಯದು ಬೇರೆಯೇ ಕತೆ. ಅಲ್ಲಿ ಇನ್ಸುಲೇಟರ್ ಮೇಲೆ ಉಪ್ಪು ಕೂರುತ್ತದೆ, ತೇವ ಸೇರಿದರೆ ಕಿಡಿ ಹಾರುತ್ತದೆ.

ಈಗ ಸಹಯೋಗದ ಮಾತು. ಶಿರಸಿ, ಸಿದ್ದಾಪುರಕ್ಕೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂ, ಪಕ್ಕದ ಸಾಗರಕ್ಕೆ ಮೆಸ್ಕಾಂ. ಮಳೆ, ಮರ, ಅಡಿಕೆ ತೋಟ ಎಲ್ಲ ಒಂದೇ. ಹೆಸ್ಕಾಂ ವ್ಯಾಪ್ತಿಯದೇ ಆದ ವಿಜಯಪುರದ ಲೈನಿಗೂ ನಮ್ಮದಕ್ಕೂ ಮಾತ್ರ ಸಂಬಂಧವೇ ಇಲ್ಲ. ಹಾಗಿದ್ದಾಗ ಇಬ್ಬರೂ ಸೇರಿ ಒಂದೇ ಪ್ರಯೋಗಕ್ಕೆ ದುಡ್ಡು ಹಾಕಬಹುದಲ್ವಾ? ಅಮೆರಿಕದಲ್ಲಿ 1965ರ ದೊಡ್ಡ ಬ್ಲ್ಯಾಕೌಟ್ ನಂತರ ಇಂಥದೇ ಯೋಚನೆ ಬಲವಾಗಿ, 1972ರಲ್ಲಿ ವಿದ್ಯುತ್ ಸಂಶೋಧನಾ ಸಂಸ್ಥೆ ಇಪಿಆರ್‌ಐ ಹುಟ್ಟಿತು. ಹಲವು ಕಂಪನಿಗಳ ದುಡ್ಡು, ಒಂದೇ ಸಂಶೋಧನೆ. ಬ್ರಿಟನ್ನಿನಲ್ಲಿ 2010ರಿಂದ 2015ರ ತನಕ ವಿದ್ಯುತ್ ಜಾಲದ ಪ್ರಯೋಗಗಳಿಗೆ 50 ಕೋಟಿ ಪೌಂಡ್ ತನಕದ ನಿಧಿ ಇಟ್ಟರು. ಕಲಿತದ್ದನ್ನು ಉಳಿದ ಕಂಪನಿಗಳಿಗೂ ಹೇಳಬೇಕು ಅನ್ನೋದು ಅದರ ಷರತ್ತು.

ನಮಗೆ ಬೇಕಾದ್ದು ಆ ಷರತ್ತು. ನಮ್ಮಲ್ಲಿ ಸೋತ ಪ್ರಯೋಗ ಆಡಿಟ್‌ನಲ್ಲಿ ವ್ಯರ್ಥ ಖರ್ಚಾಗಿ ಕಾಣುತ್ತದೆ ಅನ್ನೋ ಹೆದರಿಕೆ. ಹಾಗಾಗಿ ಎಲ್ಲವೂ ಯಶಸ್ವಿ! ಯಾವ ಪೆಟ್ಟಿಗೆಗೆ ನೀರು ನುಗ್ಗಿತು, ಯಾವುದರ ಬ್ಯಾಟರಿ ಆಗಸ್ಟ್ ದಾಟಲಿಲ್ಲ, ಯಾವ ಕ್ಲಿಪ್ಪನ್ನು ಲೈನ್‌ಮನ್ ಬೇಡವೆಂದರು, ಈ ಪಟ್ಟಿ ರಾಜ್ಯದ ಐದೂ ಎಸ್ಕಾಂಗಳಿಗೆ (ವಿದ್ಯುತ್ ಹಂಚುವ ಕಂಪನಿಗಳಿಗೆ) ಹೋಗಬೇಕು. ಪಟ್ಟಿ ಬರೆಯುವಾಗ ಆ ಸೆಕ್ಷನ್ನಿನ ಲೈನ್‌ಮನ್ನನ್ನೂ ಕೂರಿಸಿಕೊಳ್ಳಿ. ಆ ದಿನದ ಭತ್ಯೆಯನ್ನೂ ಯೋಜನೆಯ ಖರ್ಚಿನಲ್ಲೇ ಕೊಡಿ.